ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡನೆಯ ಡಿಸ್ಕು

ಹತ್ತು ಹನ್ನೆರಡು ವರ್ಷ ದುಡಿದ ಲ್ಯಾಪ್‌ಟಾಪೊಂದನ್ನು ಕುರಿತು ಜನರು ಸಾಮಾನ್ಯವಾಗಿ ಆಡುವ ಮಾತು, 'ಅದಕ್ಕೆ ವಯಸ್ಸಾಯಿತು, ನಿಧಾನವಾಗಿದೆ' ಎಂಬುದು. ಗುಂಡಿಯನ್ನೊತ್ತಿ, ಒಳಕ್ಕೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದರೂ ಅದರ ಪರದೆಯು ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಮುಪ್ಪಿನಲ್ಲಿ ಮನುಷ್ಯನ ನಡಿಗೆ ತಗ್ಗುವಂತೆ ಯಂತ್ರದ ನಡಿಗೆಯೂ ತಗ್ಗಿತೆಂದು ನಂಬುವುದು ಸಹಜವೇ. ಆದರೆ ಈ ನಂಬಿಕೆಯನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕು.

ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡುವ ಭಾಗವಾದ ಪ್ರೊಸೆಸರಿಗೆ ತಾಳ ಹಾಕುವುದು ಒಂದು ಕ್ವಾರ್ಟ್ಸ್ ಹರಳು. ಯಂತ್ರವನ್ನು ಕೊಂಡ ದಿನ ಆ ಹರಳು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತಿತ್ತೋ ಇಂದೂ ಹೆಚ್ಚುಕಡಿಮೆ ಅಷ್ಟೇ ಬಾರಿ ಕಂಪಿಸುತ್ತಿರುವುದು. ಗಾಳಿಯ ದಾರಿ ಧೂಳಿನಿಂದ ಮುಚ್ಚಿ ಪ್ರೊಸೆಸರು ಕಾದಾಗ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುವುದುಂಟು. ಧೂಳನ್ನು ತೆಗೆದರೆ ಆ ದೋಷ ನೀಗುತ್ತದೆ. ಹಾಗಾದರೆ ಬದಲಾದುದೇನು? ನಾವು ಅದರಿಂದ ಮಾಡಿಸುವ ಕೆಲಸ ಬದಲಾಗಿದೆ. ಇಂದಿನ ಪ್ರೋಗ್ರಾಮುಗಳು ಗಾತ್ರದಲ್ಲಿ ಬೆಳೆದಿವೆ. ಪ್ರತಿಯೊಂದೂ ತೆರೆದುಕೊಳ್ಳುವಾಗ ಸಾವಿರಾರು ಸಣ್ಣ ಕಡತಗಳನ್ನು ಡಿಸ್ಕಿನಿಂದ ಕರೆಸಿಕೊಳ್ಳುತ್ತದೆ. ಆ ಡಿಸ್ಕಾದರೋ ಇಡೀ ಯಂತ್ರದಲ್ಲಿ, ಬೀಸಣಿಗೆಯೊಂದನ್ನು ಬಿಟ್ಟರೆ, ಕೈಕಾಲು ಆಡಿಸಿ ಕೆಲಸ ಮಾಡುವ ಮುಖ್ಯ ಭಾಗ. ಪ್ರೊಸೆಸರು ಕಾಯುತ್ತ ಕುಳಿತಿರುವುದು ಇದರ ಬಾಗಿಲಿನಲ್ಲಿಯೇ.

ಆದುದರಿಂದ ಹಳೆಯ ಲ್ಯಾಪ್‌ಟಾಪಿಗೆ, ಚಲಿಸುವ ಭಾಗಗಳೇ ಇಲ್ಲದ ಹೊಸ ಬಗೆಯ ಡಿಸ್ಕೊಂದನ್ನು ಕೂಡಿಸಿ, ಹಳೆಯದನ್ನು ಎರಡನೆಯದಾಗಿ ಉಳಿಸಿಕೊಂಡರೆ ಯಂತ್ರಕ್ಕೆ ಇನ್ನೂ ಕೆಲವು ವರ್ಷಗಳ ಉಪಯೋಗ ದೊರೆಯುತ್ತದೆ. ಇದಕ್ಕೆ ತಗಲುವ ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣದೊಂದು ಪಾಲು. ಮನೆಯಲ್ಲಿ ಒಂದೇ ಯಂತ್ರವಿದ್ದು ಅದರಲ್ಲಿಯೇ ಓದು, ಪ್ರಾಜೆಕ್ಟು, ಅರ್ಜಿ ಎಲ್ಲವೂ ನಡೆಯಬೇಕಾದ ವಿದ್ಯಾರ್ಥಿಗೆ ಇದು ಅಲ್ಪ ವಿಷಯವಲ್ಲ. ಆದರೆ ಅದೇ ಡಿಸ್ಕಿನಲ್ಲಿ ಮನೆಯವರ ಹಲವು ವರ್ಷದ ಭಾವಚಿತ್ರಗಳೂ ವಿದ್ಯಾರ್ಥಿಯ ಬರೆಹಗಳೂ ಇರುತ್ತವೆ. ಒಂದು ತಪ್ಪು ಆಜ್ಞೆಯಿಂದ ಅವೆಲ್ಲ ಅಳಿದುಹೋಗಬಹುದು. ಕೆಲಸದ ಪ್ರತಿಯೊಂದು ಹೆಜ್ಜೆಗೂ ಒಂದು ಭೌತಿಕ ಕಾರಣವೋ ಒಂದು ಗಣಿತದ ಕಾರಣವೋ ಉಂಟು. ಆ ಕಾರಣವನ್ನು ತಿಳಿದವನು ಹೆಜ್ಜೆ ತಪ್ಪುವುದು ಕಡಿಮೆ.

ತಿರುಗುವ ಬಿಲ್ಲೆ

ತಿರುಗುವ ಬಿಲ್ಲೆಗಳ ಮೇಲೆ ಅಯಸ್ಕಾಂತದ ಗುರುತುಗಳಾಗಿ ವಿಷಯವನ್ನು ಬರೆದಿಡುವ ಮೊದಲ ಡಿಸ್ಕನ್ನು ಐಬಿಎಂ ಸಂಸ್ಥೆಯವರು ೧೯೫೬ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆಯಲ್ಲಿ ಸಿದ್ಧಪಡಿಸಿದರು. ಅದರಲ್ಲಿ ೨೪ ಅಂಗುಲ ವ್ಯಾಸದ ೫೦ ಬಿಲ್ಲೆಗಳು ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ ೧೨೦೦ ಸುತ್ತು ತಿರುಗುತ್ತಿದ್ದವು. ಕಪಾಟಿನಷ್ಟು ದೊಡ್ಡದಾದ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರ ಮಾತ್ರ. ಇಂದು ಅಂಗೈಯಗಲದ ಡಿಸ್ಕು ಅದರ ಲಕ್ಷಪಾಲನ್ನು ಹಿಡಿಯಬಲ್ಲುದು. ಈ ಮುನ್ನಡೆಗೆ ನೆರವಾದ ಸಂಶೋಧನೆಗಳಲ್ಲಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಎಂಬ ಭೌತಶಾಸ್ತ್ರಜ್ಞರು ೧೯೮೮ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದ ಒಂದು ಪರಿಣಾಮವು ಮುಖ್ಯವಾದುದು. ಅತ್ಯಂತ ತೆಳುವಾದ ಲೋಹದ ಪದರಗಳನ್ನು ಒಂದರ ಮೇಲೊಂದು ಇಟ್ಟಾಗ, ಅತಿ ಕ್ಷೀಣವಾದ ಕಾಂತಕ್ಷೇತ್ರವೂ ಅವುಗಳ ವಿದ್ಯುತ್ ರೋಧವನ್ನು ಗಣನೀಯವಾಗಿ ಬದಲಿಸುತ್ತದೆ. ಇದರಿಂದ ಬಲು ಸಣ್ಣ ಗುರುತುಗಳನ್ನೂ ಓದುವುದು ಸಾಧ್ಯವಾಯಿತು. ೨೦೦೭ರಲ್ಲಿ ಇವರಿಬ್ಬರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಗಾತ್ರ ಹೀಗೆ ಕುಗ್ಗಿದರೂ ಕೆಲಸದ ರೀತಿ ಬದಲಾಗಲಿಲ್ಲ. ಬಿಲ್ಲೆಯು ತಿರುಗುತ್ತಿರಬೇಕು, ತುದಿಯಲ್ಲಿ ಓದುವ ಮೊನೆಯನ್ನು ಹೊತ್ತ ತೋಳೊಂದು ಅದರ ಮೇಲೆ ಒಳಕ್ಕೂ ಹೊರಕ್ಕೂ ಸರಿದು ತನಗೆ ಬೇಕಾದ ಗೆರೆಯ ಮೇಲೆ ನಿಲ್ಲಬೇಕು, ಬಳಿಕ ಬೇಕಾದ ಚೂರು ತಿರುಗಿ ಮೊನೆಯ ಕೆಳಕ್ಕೆ ಬರುವ ತನಕ ಕಾಯಬೇಕು. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕು ನಿಮಿಷಕ್ಕೆ ೫೪೦೦ ಸುತ್ತು, ಎಂದರೆ ಸೆಕೆಂಡಿಗೆ ೯೦ ಸುತ್ತು ತಿರುಗುವುದು. ಅದರ ಅಂಚು ಸೆಕೆಂಡಿಗೆ ೧೮ ಮೀಟರ್, ಗಂಟೆಯ ಲೆಕ್ಕದಲ್ಲಿ ೬೫ ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಮೊನೆಯಾದರೋ ಬಿಲ್ಲೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪ ಸುಮಾರು ೮೦,೦೦೦ ನ್ಯಾನೊಮೀಟರ್ ಎಂಬುದನ್ನು ನೆನೆದರೆ, ಓಡುತ್ತಿರುವ ಯಂತ್ರವನ್ನು ಏಕೆ ಕುಲುಕಬಾರದೆಂಬುದು ತಾನಾಗಿಯೇ ತಿಳಿಯುತ್ತದೆ.

ಈಗ ಕಾಲದ ಲೆಕ್ಕ. ಒಂದು ಸುತ್ತಿಗೆ ಬೇಕಾಗುವ ಕಾಲ ೧೧.೧ ಮಿಲಿಸೆಕೆಂಡು. ಬೇಕಾದ ಚೂರು ಒಮ್ಮೆ ಮೊನೆಯ ಸಮೀಪದಲ್ಲಿಯೇ ಇದ್ದೀತು, ಮತ್ತೊಮ್ಮೆ ಆಗತಾನೆ ದಾಟಿಹೋಗಿದ್ದೀತು. ಆದುದರಿಂದ ಸರಾಸರಿಯಲ್ಲಿ ಅರ್ಧ ಸುತ್ತು, ಎಂದರೆ ೫.೬ ಮಿಲಿಸೆಕೆಂಡು ಕಾಯಬೇಕು. ತೋಳು ಸರಿಯುವುದಕ್ಕೆ ಸರಾಸರಿ ೧೨ ಮಿಲಿಸೆಕೆಂಡು ಹಿಡಿಯುತ್ತದೆ. ಎರಡೂ ಕೂಡಿ ೧೭.೬ ಮಿಲಿಸೆಕೆಂಡು. ಅಂದಮೇಲೆ ಅಲ್ಲಲ್ಲಿ ಚದರಿಹೋದ ಚೂರುಗಳನ್ನು ಓದಬೇಕಾದಾಗ ಈ ಡಿಸ್ಕು ಸೆಕೆಂಡಿಗೆ ಐವತ್ತಾರೇಳು ಚೂರುಗಳನ್ನು ಮಾತ್ರ ತಂದುಕೊಡಬಲ್ಲುದು. ಯಂತ್ರವು ಎಚ್ಚರಗೊಳ್ಳುವಾಗ ಇಂತಹ ೬,೦೦೦ ಚೂರುಗಳು ಬೇಕೆಂದು ಊಹಿಸೋಣ. ಬರಿಯ ಕಾಯುವಿಕೆಯಲ್ಲಿಯೇ ೧೦೫ ಸೆಕೆಂಡು ಕಳೆಯಿತು! ತಾಲ್ಲೂಕು ಕಚೇರಿಯ ದಫ್ತರಖಾನೆಯಲ್ಲಿ ಒಂದೊಂದು ಕಾಗದಕ್ಕೂ ಜವಾನನು ಬೇರೆ ಬೇರೆ ಕಪಾಟಿಗೆ ನಡೆದುಹೋಗಿ ಬರಬೇಕಾದರೆ ಗುಮಾಸ್ತೆಯು ಎಷ್ಟು ಚುರುಕಾಗಿದ್ದರೇನು?

ಚಲನೆಯಿಲ್ಲದ ಡಿಸ್ಕು

ಎಸ್‌ಎಸ್‌ಡಿ ಎಂದು ಕರೆಯಲ್ಪಡುವ ಹೊಸ ಬಗೆಯ ಡಿಸ್ಕಿನಲ್ಲಿ ಬಿಲ್ಲೆಯೂ ಇಲ್ಲ, ತೋಳೂ ಇಲ್ಲ. ಇರುವುದು ಚಿಪ್ಪುಗಳು ಮಾತ್ರ. ವಾಡಿಕೆಯ ಬಲದಿಂದ 'ಡಿಸ್ಕು' ಎಂಬ ಹೆಸರು ಉಳಿದುಕೊಂಡಿದೆ. ಇದರ ಮೂಲತತ್ತ್ವವನ್ನು ಬೆಲ್ ಪ್ರಯೋಗಶಾಲೆಯ ಡಾವನ್ ಕಾಂಗ್ ಮತ್ತು ಸೈಮನ್ ಝೆ ಎಂಬವರು ೧೯೬೭ರಲ್ಲಿ ತೋರಿಸಿಕೊಟ್ಟರು. ಟ್ರಾನ್ಸಿಸ್ಟರಿನೊಳಗೆ ಸುತ್ತಲೂ ಅವಾಹಕದಿಂದ ಮುಚ್ಚಿದ ಒಂದು ಪುಟ್ಟ ಕೋಣೆಯನ್ನು ಮಾಡಿ, ಅದರೊಳಕ್ಕೆ ಎಲೆಕ್ಟ್ರಾನುಗಳನ್ನು ಕೂಡಿಹಾಕಿದರೆ ಅವು ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತವೆ. ಕೋಣೆಯಲ್ಲಿ ಎಲೆಕ್ಟ್ರಾನುಗಳು ಇವೆಯೆ, ಇಲ್ಲವೆ, ಇದ್ದರೆ ಎಷ್ಟು ಎಂಬುದರಿಂದ ಟ್ರಾನ್ಸಿಸ್ಟರಿನ ನಡತೆ ಬದಲಾಗುವುದು. ಅದನ್ನು ಅಳೆದು ಅಲ್ಲಿ ಬರೆದಿರುವುದನ್ನು ಓದಬಹುದು. ಕೋಣೆಗೆ ಬಾಗಿಲಿಲ್ಲದಿದ್ದರೂ ಎಲೆಕ್ಟ್ರಾನು ಗೋಡೆಯನ್ನು ದಾಟಿ ಒಳಹೊಕ್ಕು ಹೊರಬರುವುದು ಕ್ವಾಂಟಂ ವಿಜ್ಞಾನದ ವಿಚಿತ್ರಗಳಲ್ಲೊಂದು. ಇದನ್ನು ಆಧರಿಸಿ, ಇಂದಿನ ಎಸ್‌ಎಸ್‌ಡಿಗಳಲ್ಲಿರುವ ಫ್ಲಾಶ್ ಸ್ಮೃತಿಯ ರಚನೆಯನ್ನು ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುಓಕ ಮತ್ತು ಸಂಗಡಿಗರು ೧೯೮೭ರಲ್ಲಿ ಪ್ರಕಟಿಸಿದರು.

ಇಲ್ಲಿ ಯಾವ ಚೂರು ಎಲ್ಲಿದ್ದರೂ ಅದನ್ನು ತಲಪಲು ಬೇಕಾಗುವ ಕಾಲ ಸುಮಾರು ೦.೧ ಮಿಲಿಸೆಕೆಂಡು. ಮೇಲಿನ ೬,೦೦೦ ಚೂರುಗಳಿಗೆ ೧೦೫ ಸೆಕೆಂಡಿನ ಬದಲು ೦.೬ ಸೆಕೆಂಡು ಸಾಕು. ಇಡೀ ಯಂತ್ರವೇ ಅಷ್ಟರಲ್ಲಿ ಸಿದ್ಧವಾಗುವುದೆಂದು ಇದರ ಅರ್ಥವಲ್ಲ. ಪ್ರೊಸೆಸರಿಗೂ ತನ್ನ ಪಾಲಿನ ಕೆಲಸವಿದೆ, ಅದಕ್ಕೆ ಹಿಂದಿನಷ್ಟೇ ಹೊತ್ತು ಬೇಕು. ಆದರೆ ಕಾಯುವ ಹೊತ್ತು ತಪ್ಪಿತು. ಒಂದೇ ದೊಡ್ಡ ಕಡತವನ್ನು ಸರಾಗವಾಗಿ ಓದುವಾಗ ಹಳೆಯ ಡಿಸ್ಕು ಸೆಕೆಂಡಿಗೆ ಸುಮಾರು ೧೦೦ ಮೆಗಾಬೈಟನ್ನೂ ಎಸ್‌ಎಸ್‌ಡಿಯು ೫೦೦ ಮೆಗಾಬೈಟನ್ನೂ ಕೊಡುವುದರಿಂದ ಅಲ್ಲಿ ಅಂತರ ಐದರಷ್ಟು. ಚೂರುಗಳನ್ನು ಹುಡುಕುವಾಗಿನ ಅಂತರವಾದರೋ ೧೭೬ರಷ್ಟು. ಈ ಎರಡು ಸಂಖ್ಯೆಗಳಲ್ಲಿಯೇ ನಮ್ಮ ಏರ್ಪಾಡಿನ ಸೂತ್ರವೆಲ್ಲ ಅಡಗಿದೆ. ಸಾವಿರಾರು ಸಣ್ಣ ಕಡತಗಳಿಂದ ಕೂಡಿದ ಆಪರೇಟಿಂಗ್ ಸಿಸ್ಟಂ ಮತ್ತು ಪ್ರೋಗ್ರಾಮುಗಳು ಎಸ್‌ಎಸ್‌ಡಿಯ ಮೇಲಿರಬೇಕು. ಚಲಚ್ಚಿತ್ರ, ಧ್ವನಿಮುದ್ರಣ, ಭಾವಚಿತ್ರ ಮೊದಲಾದ ದೊಡ್ಡ ಕಡತಗಳು ತಿರುಗುವ ಡಿಸ್ಕಿನ ಮೇಲಿದ್ದರೆ ನಷ್ಟವಿಲ್ಲ.

ಎರಡನೆಯದಕ್ಕೆ ಎಡೆ

ಲ್ಯಾಪ್‌ಟಾಪಿನಲ್ಲಿ ಡಿಸ್ಕಿಗಾಗಿ ಇರುವ ಗೂಡು ಸಾಮಾನ್ಯವಾಗಿ ಒಂದೇ. ಆದರೆ ಆ ಕಾಲದ ಯಂತ್ರಗಳಲ್ಲಿ ಪಕ್ಕದಿಂದ ಹೊರಕ್ಕೆ ಚಾಚುವ ಡಿವಿಡಿ ಡ್ರೈವ್ ಒಂದಿರುತ್ತಿತ್ತು. ಈಗ ಅದನ್ನು ಬಳಸುವವರು ವಿರಳ. ಆ ಡ್ರೈವನ್ನು ಹೊರತೆಗೆದು, ಅದೇ ಆಕಾರದ ಚೌಕಟ್ಟೊಂದನ್ನು ಅಲ್ಲಿ ತೂರಿಸಿ, ಅದರೊಳಗೆ ಡಿಸ್ಕನ್ನು ಕೂಡಿಸಬಹುದು. ಈ ಚೌಕಟ್ಟಿಗೆ ಅಂಗಡಿಗಳಲ್ಲಿ 'ಕ್ಯಾಡಿ' ಎಂದು ಹೆಸರು. ಕೊಳ್ಳುವ ಮೊದಲು ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು.

ಮೊದಲನೆಯದು ದಪ್ಪ. ಡಿವಿಡಿ ಡ್ರೈವುಗಳಲ್ಲಿ ೧೨.೭ ಮಿಲಿಮೀಟರ್ ಮತ್ತು ೯.೫ ಮಿಲಿಮೀಟರ್ ಎಂಬ ಎರಡು ದಪ್ಪಗಳು ರೂಢಿಯಲ್ಲಿವೆ. ಕ್ಯಾಡಿಯೂ ಅದೇ ದಪ್ಪದ್ದಾಗಿರಬೇಕು. ಡಿಸ್ಕುಗಳಲ್ಲಿಯೂ ೯.೫ ಮತ್ತು ೭ ಮಿಲಿಮೀಟರ್ ದಪ್ಪದವು ಇವೆ. ಹೊರತೆಗೆದ ಡ್ರೈವಿನ ದಪ್ಪವನ್ನು ಅಳತೆಪಟ್ಟಿಯಿಂದ ಅಳೆದ ಬಳಿಕವೇ ಅಂಗಡಿಗೆ ಹೋಗುವುದು ಒಳ್ಳೆಯದು.

ಎರಡನೆಯದು ಜೋಡಣೆಯ ಬಗೆ. ೨೦೦೫ರ ಸುಮಾರಿನವರೆಗಿನ ಲ್ಯಾಪ್‌ಟಾಪುಗಳಲ್ಲಿ ಹದಿನಾರು ತಂತಿಗಳ ಮೇಲೆ ಹದಿನಾರು ಬಿಟ್‌ಗಳು ಒಟ್ಟಿಗೆ ಸಾಗುವ ಸಮಾಂತರ ಜೋಡಣೆ ಇತ್ತು. ಆದರೆ ವೇಗ ಹೆಚ್ಚಿದಂತೆ ಹದಿನಾರು ತಂತಿಗಳ ಸಂಕೇತಗಳು ಒಂದೇ ಕ್ಷಣದಲ್ಲಿ ತಲಪುವಂತೆ ಮಾಡುವುದು ಕಷ್ಟವಾಯಿತು. ಒಂದು ತಂತಿಯ ಸಂಕೇತ ಮತ್ತೊಂದರ ಮೇಲೆ ಪ್ರಭಾವ ಬೀರತೊಡಗಿತು. ಆಗ ಇಂಜಿನಿಯರುಗಳು ಬಿಟ್‌ಗಳನ್ನು ಒಂದರ ಹಿಂದೊಂದಾಗಿ, ಆದರೆ ಅತಿ ವೇಗದಿಂದ ಸಾಗಿಸುವ ಉಪಾಯವನ್ನು ಹಿಡಿದರು. ೨೦೦೩ರಲ್ಲಿ ಬಳಕೆಗೆ ಬಂದ ಈ ಜೋಡಣೆಗೆ 'ಸಾಟಾ' ಎಂದು ಹೆಸರು. ಹೋಗುವುದಕ್ಕೊಂದು ಜೊತೆ, ಬರುವುದಕ್ಕೊಂದು ಜೊತೆ ತಂತಿ ಇದರಲ್ಲಿ ಸಾಕು. ನಮ್ಮ ವಿವರಣೆಯೆಲ್ಲ ಸಾಟಾ ಇರುವ ಯಂತ್ರಗಳನ್ನು ಕುರಿತದ್ದು. ಡಿವಿಡಿ ಡ್ರೈವಿಗೆ ವಿದ್ಯುತ್ತನ್ನು ಒದಗಿಸುವ ಕೊಂಡಿಯಲ್ಲಿ ೬ ಸಂಪರ್ಕಗಳೂ ಡಿಸ್ಕಿನದರಲ್ಲಿ ೧೫ ಸಂಪರ್ಕಗಳೂ ಇರುವುದರಿಂದ ಒಂದು ಮತ್ತೊಂದಕ್ಕೆ ನೇರವಾಗಿ ಹೊಂದುವುದಿಲ್ಲ. ಕ್ಯಾಡಿಯೊಳಗಿನ ಸಣ್ಣ ಹಲಗೆಯು ಇವೆರಡನ್ನು ಕೂಡಿಸುವುದು. ಎರಡಕ್ಕೂ ಬೇಕಾದುದು ೫ ವೋಲ್ಟ್ ಒತ್ತಡವೇ ಆದುದರಿಂದ ಬೇರೆ ತೊಡಕಿಲ್ಲ.

ಯಾವುದು ಎಲ್ಲಿ?

ಹೊಸದಾಗಿ ತಂದ ಎಸ್‌ಎಸ್‌ಡಿಯನ್ನು ಹೊಸದಾಗಿ ತಂದ ಕ್ಯಾಡಿಯಲ್ಲಿಯೇ ಇಡಬೇಕೆಂದು ಹಲವರು ಭಾವಿಸುವರು. ಇದಕ್ಕೆ ವಿರುದ್ಧವಾಗಿ, ಎಸ್‌ಎಸ್‌ಡಿಯನ್ನು ಮೂಲ ಗೂಡಿನಲ್ಲಿಯೂ ಹಳೆಯ ಡಿಸ್ಕನ್ನು ಕ್ಯಾಡಿಯಲ್ಲಿಯೂ ಇಡುವುದು ಸಾಮಾನ್ಯವಾಗಿ ಲೇಸು. ಸಾಟಾ ಜೋಡಣೆಯು ಕಾಲಕ್ರಮದಲ್ಲಿ ಸೆಕೆಂಡಿಗೆ ೧.೫, ೩, ೬ ಗಿಗಾಬಿಟ್ ಎಂಬ ಮೂರು ವೇಗಗಳನ್ನು ಪಡೆಯಿತು. ಒಂದು ಬೈಟನ್ನು ಸಾಗಿಸಲು ತಂತಿಯ ಮೇಲೆ ಹತ್ತು ಬಿಟ್‌ಗಳನ್ನು ಕಳುಹಿಸುವುದರಿಂದ ಇವು ಕ್ರಮವಾಗಿ ಸೆಕೆಂಡಿಗೆ ೧೫೦, ೩೦೦, ೬೦೦ ಮೆಗಾಬೈಟ್ ಆಗುತ್ತವೆ. ಒಂದೇ ಯಂತ್ರದಲ್ಲಿ ಎಲ್ಲ ಕೊಂಡಿಗಳೂ ಒಂದೇ ವೇಗದವಾಗಿರಬೇಕೆಂದಿಲ್ಲ. ೨೦೧೧ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ಆರನೆಯ ಶ್ರೇಣಿಯ ಸಂಯೋಜಕ ಚಿಪ್ಪುಗಳಲ್ಲಿ ಹಲವು ಆರು ಕೊಂಡಿಗಳನ್ನು ಕೊಡುತ್ತಿದ್ದುವು. ಅವುಗಳಲ್ಲಿ ೬ ಗಿಗಾಬಿಟ್ ವೇಗದವು ಎರಡು ಮಾತ್ರ, ಉಳಿದ ನಾಲ್ಕು ೩ ಗಿಗಾಬಿಟ್ ವೇಗದವು. ಡಿವಿಡಿ ಡ್ರೈವಿಗೆ ಹೆಚ್ಚಿನ ವೇಗ ಬೇಡವಾದುದರಿಂದ ತಯಾರಕರು ಅದನ್ನು ನಿಧಾನದ ಕೊಂಡಿಗೆ ಸೇರಿಸುವುದು ವಾಡಿಕೆ. ಅಲ್ಲದೆ ಕೆಲವು ಲ್ಯಾಪ್‌ಟಾಪುಗಳು ಡಿವಿಡಿ ಗೂಡಿನಲ್ಲಿರುವ ಡಿಸ್ಕಿನಿಂದ ಪ್ರಾರಂಭವಾಗಲು ಒಪ್ಪುವುದೇ ಇಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಮಾತುಂಟು. ಮೂಲ ಗೂಡಿನಲ್ಲಿ ಡಿಸ್ಕಿಗೆ ರಬ್ಬರಿನ ಮೆತ್ತೆಯನ್ನು ಕೊಟ್ಟಿರುವ ಯಂತ್ರಗಳಿವೆ. ಕ್ಯಾಡಿಯಲ್ಲಿ ಅದು ಇರುವುದು ಅಪರೂಪ. ಆದುದರಿಂದ ತಿರುಗುವ ಡಿಸ್ಕನ್ನು ಕ್ಯಾಡಿಗೆ ವರ್ಗಾಯಿಸಿದ ಬಳಿಕ, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಅಲುಗಿಸುತ್ತ ಅಥವಾ ಬಸ್ಸಿನಲ್ಲಿ ಕುಳಿತು ಬಳಸುವಾಗ ಎಚ್ಚರ ಬೇಕು. ಬಳಸದಿರುವಾಗ ಕೆಲವು ನಿಮಿಷಗಳ ನಂತರ ಆ ಡಿಸ್ಕು ತಿರುಗುವುದನ್ನು ನಿಲ್ಲಿಸುವಂತೆ ಏರ್ಪಡಿಸಿದರೆ ಅಪಾಯವೂ ಕಡಿಮೆ, ಬ್ಯಾಟರಿಗೂ ಉಳಿತಾಯ.

ವಾಚಕರಲ್ಲಿ ಕೆಲವರ ಯಂತ್ರದಲ್ಲಿ ೧.೫ ಗಿಗಾಬಿಟ್ ಕೊಂಡಿಯೊಂದೇ ಇದ್ದೀತು. ಅವರು ನಿರಾಶರಾಗಬೇಕಾಗಿಲ್ಲ. ೪೦೯೬ ಬೈಟುಗಳ ಒಂದು ಚೂರು ಆ ಕೊಂಡಿಯನ್ನು ದಾಟಲು ಬೇಕಾಗುವ ಕಾಲ ೨೭ ಮೈಕ್ರೊಸೆಕೆಂಡು. ತಿರುಗುವ ಡಿಸ್ಕಿನಲ್ಲಿ ಅದೇ ಚೂರಿಗಾಗಿ ಕಾಯುತ್ತಿದ್ದುದು ೧೭,೬೦೦ ಮೈಕ್ರೊಸೆಕೆಂಡು. ಎಸ್‌ಎಸ್‌ಡಿಯಿಂದ ಬರುವ ಲಾಭದ ಬಹುಪಾಲು ನಿಧಾನದ ಕೊಂಡಿಯಲ್ಲಿಯೂ ಹಾಗೆಯೇ ಉಳಿಯುತ್ತದೆ.

ಕೆಲಸದ ಅನುಕ್ರಮ

ಕೈಹಾಕುವ ಮೊದಲು ಹಳೆಯ ಡಿಸ್ಕಿನಲ್ಲಿರುವ ಬೆಲೆಯುಳ್ಳ ಕಡತಗಳನ್ನೆಲ್ಲ ಯಂತ್ರದ ಹೊರಗಿನ ಬೇರೊಂದು ಡಿಸ್ಕಿಗೆ ನಕಲು ಮಾಡಿ, ನಕಲು ತೆರೆದುಕೊಳ್ಳುವುದೇ ಎಂದು ಪರೀಕ್ಷಿಸಬೇಕು. ಈ ಹೆಜ್ಜೆಯನ್ನು ಬಿಟ್ಟು ಮುಂದಿನದಕ್ಕೆ ಹೋಗಬಾರದು.

ಬಳಿಕ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ಚಾರ್ಜರಿನ ತಂತಿಯನ್ನು ಕಿತ್ತು, ಬ್ಯಾಟರಿಯನ್ನು ಬೇರ್ಪಡಿಸಬೇಕು. ನೆಲಕ್ಕೆ ಸಂಬಂಧವಿರುವ ಲೋಹದ ವಸ್ತುವೊಂದನ್ನು ಒಮ್ಮೆ ಮುಟ್ಟಬೇಕು. ಒಣಹವೆಯಲ್ಲಿ ನಡೆದಾಡುವ ಮನುಷ್ಯನ ಮೈಯಲ್ಲಿ ೩,೦೦೦ ವೋಲ್ಟ್‌ನಷ್ಟು ಸ್ಥಿರವಿದ್ಯುತ್ತು ಸುಲಭವಾಗಿ ಸೇರಬಲ್ಲುದು. ನಮಗೆ ಅದು ಚುರ್ರೆಂದರೆ ಹೆಚ್ಚು. ಆದರೆ ಕೆಲವೇ ನ್ಯಾನೊಮೀಟರ್ ದಪ್ಪದ ಅವಾಹಕ ಪದರಗಳುಳ್ಳ ಚಿಪ್ಪಿಗೆ ಅದು ಸಿಡಿಲಿನಂತೆ. ಮಳೆಗಾಲದ ಕರಾವಳಿಗಿಂತ ಬೇಸಗೆಯ ಬಯಲುಸೀಮೆಯಲ್ಲಿ ಈ ಎಚ್ಚರ ಹೆಚ್ಚು ಬೇಕು.

ಈಗ ಹಳೆಯ ಡಿಸ್ಕನ್ನು ಹೊರತೆಗೆದು ಮೇಜಿನ ಮೇಲಿಟ್ಟು, ಅದರ ಗೂಡಿನಲ್ಲಿ ಎಸ್‌ಎಸ್‌ಡಿಯೊಂದನ್ನೇ ಕೂಡಿಸಿ, ಪೆನ್‌ಡ್ರೈವಿನ ಮೂಲಕ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಸ್ಥಾಪಿಸಬೇಕು. ಎರಡೂ ಡಿಸ್ಕುಗಳನ್ನು ಒಟ್ಟಿಗೆ ಇರಿಸಿ ಸ್ಥಾಪಿಸಬಾರದೇ ಎಂದು ಕೇಳಬಹುದು. ಯಂತ್ರದಲ್ಲಿಯೇ ಇಲ್ಲದ ಡಿಸ್ಕನ್ನು ತಪ್ಪಿ ಅಳಿಸುವುದು ಸಾಧ್ಯವಿಲ್ಲ ಎಂಬುದು ಇದಕ್ಕೆ ಒಂದು ಉತ್ತರ. ಎರಡನೆಯ ಉತ್ತರವೂ ಅಷ್ಟೇ ಮುಖ್ಯವಾದುದು. ವಿಂಡೋಸ್ ಅನ್ನು ಸ್ಥಾಪಿಸುವಾಗ ಮತ್ತೊಂದು ಡಿಸ್ಕು ಕಣ್ಣಿಗೆ ಬಿದ್ದರೆ, ಪ್ರಾರಂಭಕ್ಕೆ ಬೇಕಾದ ಕೆಲವು ಕಡತಗಳು ಆ ಡಿಸ್ಕಿನ ಮೇಲೆಯೇ ಸೇರಿಕೊಳ್ಳುವುದುಂಟು. ಮುಂದೊಂದು ದಿನ ಹಳೆಯ ಡಿಸ್ಕು ಕೆಟ್ಟರೆ ಹೊಸ ಡಿಸ್ಕು ಸರಿಯಾಗಿದ್ದರೂ ಯಂತ್ರವು ಏಳುವುದಿಲ್ಲ. ಯಾವ ಆಪರೇಟಿಂಗ್ ಸಿಸ್ಟಂ ಎಂಬುದನ್ನೂ ಈ ಸಂದರ್ಭದಲ್ಲಿ ಯೋಚಿಸಬೇಕು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ರ ನಿಬಂಧನೆಗಳಿಗೆ ೨೦೧೨ರ ಸುಮಾರಿನ ಯಂತ್ರಗಳು ಹೊಂದುವುದಿಲ್ಲ. ಇಂತಹವುಗಳಿಗೆ ಲಿನಕ್ಸ್ ಉಚಿತವಾಗಿ ದೊರೆಯುತ್ತದೆ.

ಸ್ಥಾಪನೆಗೆ ಮೊದಲು, ಯಂತ್ರದ ಪ್ರಾಥಮಿಕ ಏರ್ಪಾಡುಗಳಿರುವ ಬಯಾಸ್ ಎಂಬ ಪುಟವನ್ನು ತೆರೆದು, ಸಾಟಾ ಜೋಡಣೆಯು ಹಳೆಯ ಐಡಿಇ ಕ್ರಮದಲ್ಲಿದ್ದರೆ ಎಎಚ್‌ಸಿಐ ಕ್ರಮಕ್ಕೆ ಬದಲಿಸಬೇಕು. ಇದರಲ್ಲಿ ಡಿಸ್ಕಿಗೆ ಹಲವು ಬೇಡಿಕೆಗಳನ್ನು ಒಟ್ಟಿಗೆ ಒಪ್ಪಿಸಬಹುದು. ಸ್ಥಾಪನೆಯಾದ ಮೇಲೆ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು.

ಹೊಸ ಡಿಸ್ಕಿನಿಂದ ಯಂತ್ರವು ಸರಿಯಾಗಿ ಎದ್ದು ಕೆಲಸ ಮಾಡುವುದನ್ನು ಕಂಡ ಮೇಲೆ, ಮತ್ತೆ ನಿಲ್ಲಿಸಿ, ಡಿವಿಡಿ ಡ್ರೈವನ್ನು ಹಿಡಿದಿರುವ ತಿರುಪನ್ನು ಕಳಚಿ ಹೊರಕ್ಕೆ ಎಳೆಯಬೇಕು. ಹಳೆಯ ಡಿಸ್ಕನ್ನು ಕ್ಯಾಡಿಯಲ್ಲಿ ಕೂಡಿಸಿ, ಡಿವಿಡಿ ಡ್ರೈವಿನ ಮುಂಬದಿಯ ಮುಚ್ಚಳವನ್ನೂ ಹಿಂಬದಿಯ ಲೋಹದ ಪಟ್ಟಿಯನ್ನೂ ಕ್ಯಾಡಿಗೆ ಜೋಡಿಸಿ ಒಳಕ್ಕೆ ತೂರಿಸಬೇಕು. ಈಗ ಬಯಾಸಿನಲ್ಲಿ ಎರಡು ಡಿಸ್ಕುಗಳೂ ಕಾಣಬೇಕು. ಪ್ರಾರಂಭದ ಸರದಿಯಲ್ಲಿ ಎಸ್‌ಎಸ್‌ಡಿಯ ಹೆಸರು ಮೊದಲಿರಬೇಕು. ಹಳೆಯ ಡಿಸ್ಕಿನ ಮೇಲೆ ಹಳೆಯ ಸಿಸ್ಟಂ ಇನ್ನೂ ಇರುವುದರಿಂದ ಈ ಸರದಿ ಗೊತ್ತಾಗಿರದಿದ್ದರೆ 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂಬಂತಾಗುವುದು.

ಡಿಸ್ಕಿನ ಹದ್ದುಬಸ್ತು

ಕೆಲವು ವಾರ ಹೀಗೆ ಬಳಸಿ, ಬಿಟ್ಟುಹೋದ ಕಡತ ಯಾವುದೂ ಇಲ್ಲವೆಂದು ಖಚಿತವಾದ ಮೇಲೆ, ಹಳೆಯ ಡಿಸ್ಕನ್ನು ಶುದ್ಧಮಾಡಿ ಸಂಗ್ರಹಕ್ಕೆ ಅಣಿಗೊಳಿಸಬಹುದು. ಅತ್ಯಂತ ಅಪಾಯದ ಹೆಜ್ಜೆ ಇದೇ. ವಿಂಡೋಸ್‌ನಲ್ಲಿ ಡಿಸ್ಕುಗಳು ೦, ೧ ಎಂದೂ ಲಿನಕ್ಸ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂದೂ ಕಾಣಿಸುತ್ತವೆ. ಈ ಗುರುತುಗಳು ಡಿಸ್ಕು ಪತ್ತೆಯಾದ ಕ್ರಮವನ್ನು ಅವಲಂಬಿಸಿದ್ದು, ಒಮ್ಮೊಮ್ಮೆ ಅದಲುಬದಲಾಗುವುದೂ ಉಂಟು. ಆದುದರಿಂದ ಡಿಸ್ಕನ್ನು ಅದರ ಮಾದರಿಯ ಹೆಸರಿನಿಂದಲೂ ಹಿಡಿತದಿಂದಲೂ ಗುರುತಿಸಬೇಕು. ಹಿಡಿತವನ್ನು ನೋಡುವಾಗ ೫೦೦ ಗಿಗಾಬೈಟ್ ಎಂದು ಅಚ್ಚಾಗಿರುವ ಡಿಸ್ಕು ೪೬೫ ಎಂದು ಕಂಡರೆ ಗಾಬರಿಗೊಳ್ಳಬೇಕಾಗಿಲ್ಲ. ತಯಾರಕರು ೧೦೦ ಕೋಟಿ ಬೈಟನ್ನು ಒಂದು ಗಿಗಾಬೈಟ್ ಎನ್ನುವರು. ವಿಂಡೋಸ್ ಎರಡರ ಮೂವತ್ತನೆಯ ಘಾತವನ್ನು, ಎಂದರೆ ೧೦೭,೩೭,೪೧,೮೨೪ ಬೈಟನ್ನು ಹಾಗೆಂದು ಕರೆಯುವುದು. ಭಾಗಿಸಿ ನೋಡಿದರೆ ಲೆಕ್ಕ ಸರಿಹೋಗುತ್ತದೆ. ಲಿನಕ್ಸ್‌ನಲ್ಲಿ ಪ್ರತಿಯೊಂದು ಪಾಲಿಗೂ ಇರುವ ಯುಯುಐಡಿ ಎಂಬ ಬದಲಾಗದ ಗುರುತನ್ನು ಬಳಸಿದರೆ, ಸರದಿ ಬದಲಾದರೂ ಪ್ರತಿಸಲವೂ ಅದೇ ಡಿಸ್ಕು ಅದೇ ಸ್ಥಳದಲ್ಲಿ ತೆರೆದುಕೊಳ್ಳುವುದು.

ಹೊಲವನ್ನು ಅಳೆದು ಹದ್ದುಬಸ್ತು ಮಾಡಿ ದಾಖಲೆಯಲ್ಲಿ ಬರೆಯುವಂತೆ ಡಿಸ್ಕನ್ನೂ ಪಾರ್ಟಿಷನ್ ಎಂಬ ಪಾಲುಗಳಾಗಿ ಗೊತ್ತುಮಾಡಿ, ಅವುಗಳ ಎಲ್ಲೆಗಳನ್ನು ಡಿಸ್ಕಿನ ಪ್ರಾರಂಭದ ಪಟ್ಟಿಯೊಂದರಲ್ಲಿ ಬರೆಯಬೇಕು. ೧೯೮೩ರಿಂದ ಬಳಕೆಯಲ್ಲಿರುವ ಎಂಬಿಆರ್ ಎಂಬ ಪಟ್ಟಿಯಲ್ಲಿ ಸೆಕ್ಟರಿನ ಸಂಖ್ಯೆಯನ್ನು ಬರೆಯಲು ೩೨ ಬಿಟ್‌ಗಳ ಎಡೆಯುಂಟು. ಎರಡರ ಮೂವತ್ತೆರಡನೆಯ ಘಾತವು ಸುಮಾರು ೪೨೯ ಕೋಟಿ. ಒಂದೊಂದು ಸೆಕ್ಟರಿಗೆ ೫೧೨ ಬೈಟಿನಂತೆ ಇದು ೨.೨ ಟೆರಾಬೈಟ್ ಆಗುತ್ತದೆ. ಅದಕ್ಕಿಂತ ದೊಡ್ಡ ಡಿಸ್ಕಿನ ಉಳಿದ ಭಾಗವನ್ನು ಈ ಪಟ್ಟಿಯಲ್ಲಿ ನಮೂದಿಸಲು ಅಂಕಿಗಳೇ ಸಾಲವು. ೬೪ ಬಿಟ್‌ಗಳ ಜಿಪಿಟಿ ಎಂಬ ಹೊಸ ಪಟ್ಟಿಗೆ ಈ ಕೊರತೆಯಿಲ್ಲ. ಸಂಗ್ರಹಕ್ಕಾಗಿ ಇಡುವ ಎರಡನೆಯ ಡಿಸ್ಕಿಗೆ ಇದನ್ನೇ ಆರಿಸಬಹುದು.

ಎಲ್ಲೆಯನ್ನು ಎಲ್ಲಿಂದ ಪ್ರಾರಂಭಿಸಬೇಕೆಂಬುದೂ ಮುಖ್ಯ. ಇತ್ತೀಚಿನ ಡಿಸ್ಕುಗಳು ಒಳಗೆ ೪೦೯೬ ಬೈಟುಗಳ ತುಂಡುಗಳಲ್ಲಿ ಬರೆಯುತ್ತವೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಮೊದಲ ಪಾಲು ೬೩ನೆಯ ಸೆಕ್ಟರಿನಿಂದ ತೊಡಗುತ್ತಿತ್ತು. ೬೩ನ್ನು ೫೧೨ರಿಂದ ಗುಣಿಸಿ ೪೦೯೬ರಿಂದ ಭಾಗಿಸಿದರೆ ದೊರೆಯುವುದು ೭.೮೭೫, ಪೂರ್ಣಾಂಕವಲ್ಲ. ಬದುವು ಎರಡು ಹೊಲಗಳ ಮೇಲೆ ಬಿದ್ದಂತೆ, ಬರೆಯುವ ಒಂದೊಂದು ಚೂರೂ ಎರಡು ತುಂಡುಗಳನ್ನು ತುಳಿದು ಕೆಲಸ ಇಮ್ಮಡಿಯಾಗುವುದು. ಈಗಿನ ಸಾಧನಗಳು ೨೦೪೮ನೆಯ ಸೆಕ್ಟರಿನಿಂದ ತೊಡಗುತ್ತವೆ. ಆಗ ಭಾಗಲಬ್ಧವು ಸರಿಯಾಗಿ ೨೫೬. ಹಳೆಯ ಡಿಸ್ಕನ್ನು ಎಸ್‌ಎಸ್‌ಡಿಗೆ ಇದ್ದಂತೆಯೇ ಪಡಿಯಚ್ಚು ತೆಗೆಯುವವರು ಈ ಹಳೆಯ ಬದುವನ್ನೂ ಹೊತ್ತು ತರುವ ಸಂಭವವುಂಟು. ಹೊಸದಾಗಿ ಸ್ಥಾಪಿಸುವುದು ಲೇಸೆಂದುದಕ್ಕೆ ಇದೂ ಒಂದು ಕಾರಣ.

ಕಡೆಯದಾಗಿ, ಪಾಲಿನೊಳಗೆ ಕಡತಗಳ ಖಾತೆಯನ್ನಿಡುವ ಫೈಲ್ ಸಿಸ್ಟಮನ್ನು ಆರಿಸಬೇಕು. ವಿಂಡೋಸ್ ಒಂದೇ ಇದ್ದರೆ ಎನ್‌ಟಿಎಫ್‌ಎಸ್, ಲಿನಕ್ಸ್ ಒಂದೇ ಇದ್ದರೆ ಎಕ್ಸ್ಟ್೪ ತಕ್ಕದ್ದು. ಎರಡನ್ನೂ ಬಳಸುವವರು ಎನ್‌ಟಿಎಫ್‌ಎಸ್ ಇಟ್ಟುಕೊಳ್ಳಬಹುದು. ಲಿನಕ್ಸ್ ಅದನ್ನು ಓದಿ ಬರೆಯಬಲ್ಲುದು. ಹಳೆಯ ಫ್ಯಾಟ್೩೨ರಲ್ಲಿ ೪ ಗಿಗಾಬೈಟನ್ನು ಮುಟ್ಟುವ ಒಂದು ಕಡತಕ್ಕೂ ಎಡೆಯಿಲ್ಲದುದರಿಂದ ಅದು ಇಲ್ಲಿ ಸಲ್ಲದು.

ಎರಡು ಡಿಸ್ಕು, ಎರಡು ಪ್ರತಿ

ಎರಡು ಡಿಸ್ಕುಗಳಾದವು, ಇನ್ನು ವಿಷಯವು ಸುರಕ್ಷಿತವೆಂದು ನಿಶ್ಚಿಂತರಾಗುವವರುಂಟು. ಭಾವಚಿತ್ರಗಳೆಲ್ಲ ಎರಡನೆಯ ಡಿಸ್ಕಿನ ಮೇಲೆ ಮಾತ್ರ ಇದ್ದರೆ ಅವುಗಳ ಪ್ರತಿ ಮೊದಲಿನಂತೆ ಒಂದೇ. ಅದೂ ಹತ್ತು ವರ್ಷ ತಿರುಗಿ ದಣಿದ ಡಿಸ್ಕಿನ ಮೇಲೆ. ಎರಡರಲ್ಲಿಯೂ ಪ್ರತಿ ಇದ್ದರೂ, ಯಂತ್ರವು ಬಿದ್ದರೆ, ನೀರು ಚೆಲ್ಲಿದರೆ, ಕಳವಾದರೆ ಎರಡೂ ಒಟ್ಟಿಗೆ ಹೋಗುತ್ತವೆ. ಎಸ್‌ಎಸ್‌ಡಿಗೂ ತನ್ನದೇ ಆದ ಮಿತಿಗಳಿವೆ. ಅದರ ಕೋಣೆಗಳನ್ನು ಅಳಿಸಿ ಬರೆಯುವುದು ಒಂದು ಮಿತಿಯವರೆಗೆ ಮಾತ್ರ ಸಾಧ್ಯ. ವಿದ್ಯುತ್ತಿಲ್ಲದೆ ಬಹುಕಾಲ ಇಟ್ಟರೆ ಎಲೆಕ್ಟ್ರಾನುಗಳು ಮೆಲ್ಲಮೆಲ್ಲನೆ ಸೋರಿಹೋಗುತ್ತವೆ. ತಿರುಗುವ ಡಿಸ್ಕು ಕೆಡುವ ಮೊದಲು ಕಟಕಟ ಸದ್ದಿನಿಂದ ಸೂಚನೆ ಕೊಡುವುದುಂಟು. ಎಸ್‌ಎಸ್‌ಡಿಯು ಸದ್ದಿಲ್ಲದೆಯೇ ನಿಂತುಬಿಡಬಹುದು. ಬೆಲೆಯುಳ್ಳ ಕಡತಕ್ಕೆ ಮೂರು ಪ್ರತಿಗಳಿರಬೇಕು, ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳ ಮೇಲಿರಬೇಕು, ಒಂದು ಪ್ರತಿ ಬೇರೊಂದು ಸ್ಥಳದಲ್ಲಿರಬೇಕು ಎಂಬ ನಿಯಮವೊಂದು ಬಲ್ಲವರಲ್ಲಿ ರೂಢಿಯಲ್ಲಿದೆ. ನಮ್ಮ ಲ್ಯಾಪ್‌ಟಾಪಿನ ಎರಡು ಡಿಸ್ಕುಗಳು ಇದರಲ್ಲಿ ಎರಡು ಪ್ರತಿಗಳನ್ನು ಒದಗಿಸಬಲ್ಲವು. ಕೆಲಸವನ್ನು ತೊಡಗುವ ಮೊದಲು ಹೊರಗಿನ ಡಿಸ್ಕಿಗೆ ಮಾಡಿಕೊಂಡ ನಕಲನ್ನು ಅಳಿಸದೆ ನೆಂಟರ ಮನೆಯಲ್ಲೋ ಗೆಳೆಯರ ಬಳಿಯಲ್ಲೋ ಇರಿಸಿದರೆ ಅದೇ ಮೂರನೆಯದು. ತಿಂಗಳಿಗೊಮ್ಮೆ ಅದನ್ನು ತರಿಸಿ, ಹೊಸ ಕಡತಗಳನ್ನು ಸೇರಿಸಿ, ಹಿಂದಕ್ಕೆ ಕಳುಹಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.